ಚೀನೀ ಪಂಡಿತರ ಮೇಜಿನ ಮೇಲೆ ಏನೇನಿತ್ತು? ಹಳೆಯ ವಸ್ತು ಕೊಳ್ಳುವ ಮೊದಲು ತಿಳಿದಿರಬೇಕಾದದ್ದು

2017ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್‌ನ ಒಂದು ಹರಾಜಿನಲ್ಲಿ ಪುಟ್ಟ ತಟ್ಟೆಯೊಂದು 29.43 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೆ ಹೋಯಿತು. ಆಗಿನ ಲೆಕ್ಕದಲ್ಲಿ ನಮ್ಮ 240 ಕೋಟಿ ರೂಪಾಯಿಗೂ ಜಾಸ್ತಿ. ತಟ್ಟೆಯ ಅಗಲ ಬರೀ 13 ಸೆಂಟಿಮೀಟರ್. ತಿಳಿ ನೀಲಿ-ಹಸಿರು ಮೆರುಗು, ಅದರೊಳಗೆ ಸಣ್ಣ ಬಿರುಕುಗಳ ಜಾಲ. ಚಿತ್ರ ಇಲ್ಲ, ಚಿನ್ನ ಇಲ್ಲ. ಸುಮಾರು 900 ವರ್ಷದ ಹಿಂದೆ, ಉತ್ತರ ಸೊಂಗ್ ರಾಜರ ಕಾಲದಲ್ಲಿ, ರು ಎಂಬ ಹೆಸರಿನ ಆವಿಗೆಗಳಲ್ಲಿ ಸುಟ್ಟದ್ದು. ಅಂಥ ರು ಪಾತ್ರೆಗಳು ಇಡೀ ಜಗತ್ತಿನಲ್ಲಿ ನೂರಕ್ಕಿಂತ ಕಡಿಮೆ ಉಳಿದಿವೆ.

ಅದು ಊಟದ ತಟ್ಟೆಯೂ ಅಲ್ಲ, ಪೂಜೆಯ ತಟ್ಟೆಯೂ ಅಲ್ಲ. ಬರೆದ ಮೇಲೆ ಕುಂಚ ತೊಳೆಯುವ ತಟ್ಟೆ.

ಕುಂಚ ತೊಳೆಯೋಕೆ ಇಷ್ಟು ಚೆಂದದ ತಟ್ಟೆ ಯಾಕೆ ಬೇಕಾಯಿತು ಅನ್ನುವುದು ಅರ್ಥವಾದರೆ, ಚೀನೀ ಪಂಡಿತರ ಮೇಜಿನ ವಸ್ತುಗಳ ಲೋಕ ಅರ್ಧ ತೆರೆದುಕೊಂಡ ಹಾಗೆ. ಈ ವಸ್ತುಗಳನ್ನು ಕೊಳ್ಳಲು ಹೊರಡುವವರು ಮೊದಲು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಹಳೆಯದು, ಎಷ್ಟು ಬೆಲೆ. ನನ್ನ ಪ್ರಕಾರ ಅವೆರಡಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ. ಇದರಿಂದ ಏನು ಮಾಡುತ್ತಿದ್ದರು? ಕೈ ಎಲ್ಲಿ ತಾಗುತ್ತಿತ್ತು, ನೀರು ಎಲ್ಲಿ ನಿಲ್ಲುತ್ತಿತ್ತು? ವಯಸ್ಸಿನ ಗುರುತು, ನಕಲಿಯ ಗುರುತು ಎರಡೂ ಸಿಗುವುದು ಹೆಚ್ಚಾಗಿ ಅಲ್ಲೇ.

ಚೀನಾದಲ್ಲಿ ಸರ್ಕಾರಿ ಹುದ್ದೆಗೆ ಪರೀಕ್ಷೆ ಬರೆಯುವ ಪದ್ಧತಿ 7ನೇ ಶತಮಾನದ ಆರಂಭದ ಹೊತ್ತಿಗೆ ಶುರುವಾಯಿತು. ಅದು ನಿಂತದ್ದು 1905ರಲ್ಲಿ. ಅಂದರೆ ಸುಮಾರು 1300 ವರ್ಷ, ಒಬ್ಬ ಹುಡುಗ ಮೇಲೆ ಬರಬೇಕಾದರೆ ಕುಂಚ ಹಿಡಿದು ಬರೆಯಲೇಬೇಕಿತ್ತು. ಬರೆಯುವುದು ಅವರಿಗೆ ಕೆಲಸ, ಓದು, ಕಾವ್ಯ, ಚಿತ್ರ ಎಲ್ಲವೂ ಆಗಿತ್ತು. ಅಕ್ಷರ ನೋಡಿ ಮನುಷ್ಯನ ಗುಣ ಹೇಳುತ್ತಿದ್ದರು. ಹೀಗಾಗಿ ಪಂಡಿತನ ಓದುವ ಕೋಣೆ ಅವನ ಮನೆಯಲ್ಲೇ ಅತಿ ಮುಖ್ಯವಾದ ಜಾಗವಾಯಿತು. ಆ ಕೋಣೆಯ ಮೇಜಿನ ಮೇಲಿನ ಒಂದೊಂದು ವಸ್ತುವಿಗೂ ಗಮನ ಬಂತು.

ಅವರ ಮಸಿ ಬಾಟಲಿಯಲ್ಲಿ ಬರುತ್ತಿರಲಿಲ್ಲ. ಪೈನ್ ಮರ ಅಥವಾ ಟುಂಗ್ ಅನ್ನುವ ಮರದ ಬೀಜದ ಎಣ್ಣೆ ಉರಿಸಿ ಕಾಡಿಗೆ ಹಿಡಿದು, ಅದಕ್ಕೆ ಪ್ರಾಣಿಜನ್ಯ ಅಂಟು ಬೆರೆಸಿ, ಕುಟ್ಟಿ, ಅಚ್ಚಿಗೆ ಹಾಕಿ ಒಣಗಿಸಿದ ಗಟ್ಟಿ ಕಡ್ಡಿ ಅದು. ಕೆಲವಕ್ಕೆ ಕಸ್ತೂರಿ, ಕರ್ಪೂರ ಸೇರಿಸುತ್ತಿದ್ದರು. ಬರೆಯುವ ಮುನ್ನ ಕಲ್ಲಿನ ಮೇಲೆ ಎರಡು ಹನಿ ನೀರು ಬಿಟ್ಟು ಕಡ್ಡಿಯನ್ನು ನಿಧಾನವಾಗಿ ಉಜ್ಜಬೇಕು. ನಮ್ಮ ದೇವರ ಮನೆಯಲ್ಲಿ ಸಾಣೆಕಲ್ಲಿನ ಮೇಲೆ ಗಂಧದ ಕೊರಡು ತೇಯುತ್ತೇವಲ್ಲ, ಕೈಯ ಚಲನೆ ಹೆಚ್ಚುಕಡಿಮೆ ಅದೇ. ನೀರು ಜಾಸ್ತಿಯಾದರೆ ಮಸಿ ತೆಳು, ಕಡಿಮೆಯಾದರೆ ಕುಂಚ ಎಳೆಯುವುದಿಲ್ಲ.

ಈ ಒಂದು ಕೆಲಸದಿಂದಲೇ ಮೇಜಿನ ಮೇಲಿನ ಬಹುಪಾಲು ವಸ್ತು ಹುಟ್ಟಿಕೊಂಡವು. ನೀರನ್ನು ಹನಿ ಲೆಕ್ಕದಲ್ಲಿ ಬಿಡಲು ಪುಟ್ಟ ಹೂಜಿ. ಒದ್ದೆ ಮಸಿಕಡ್ಡಿಯನ್ನು ಮೇಜಿಗೆ ತಾಗದ ಹಾಗೆ ಇಡಲು ಸಣ್ಣ ಮಂಚದ ಆಕಾರದ ಪೀಠ. ನಡುವೆ ಕುಂಚ ಒರಗಿಸಲು ಬೆಟ್ಟದ ಸಾಲಿನ ಆಕಾರದ ಆಸರೆ. ಕೆಲಸ ಮುಗಿದ ಮೇಲೆ ತೊಳೆಯಲು ತಟ್ಟೆ, ಒಣಗಿದ ಕುಂಚಗಳನ್ನು ನಿಲ್ಲಿಸಲು ಎತ್ತರದ ಡಬ್ಬಿ. ಕಾಗದ ಹಾರದಂತೆ ಭಾರ. ಗಾಳಿ ನೇರವಾಗಿ ಬಡಿದು ಮಸಿ ಬೇಗ ಒಣಗದಿರಲಿ ಅಂತ ಪುಟ್ಟ ಪರದೆ. ಕೊನೆಗೆ ಹೆಸರೊತ್ತಲು ಮುದ್ರೆ, ಅದಕ್ಕೆ ಇಂಗಲೀಕದ ಕೆಂಪು ಬಣ್ಣದ ಡಬ್ಬಿ.

ಇವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಮಣಿಕಟ್ಟಿನ ಆಸರೆ. ಉದ್ದಕ್ಕೆ ಸೀಳಿದ ಬಿದಿರಿನ ತುಂಡು, ಕವುಚಿ ಇಟ್ಟ ಹೆಂಚಿನ ಹಾಗೆ ಸ್ವಲ್ಪ ಬಾಗಿದ್ದು. ಗೊತ್ತಿಲ್ಲದವರಿಗೆ ಸುಮ್ನೆ ಅಲಂಕಾರದ ಪಟ್ಟಿ ಅನ್ನಿಸುತ್ತದೆ. ಆಗ ಚೀನೀ ಬರಹ ಮೇಲಿನಿಂದ ಕೆಳಕ್ಕೆ ಹೋಗುತ್ತಿತ್ತು, ಸಾಲುಗಳು ಬಲದಿಂದ ಎಡಕ್ಕೆ. ಬಲಗೈಯಲ್ಲಿ ಬರೆಯುವವನ ಕೈ, ತೋಳಿನ ಅಗಲವಾದ ಬಟ್ಟೆ ಎಲ್ಲಾ ಈಗಷ್ಟೇ ಬರೆದ ಒದ್ದೆ ಸಾಲುಗಳ ಮೇಲೇ ಬರುತ್ತದೆ. ಆ ಬಿದಿರನ್ನು ಅಡಿಯಲ್ಲಿಟ್ಟರೆ ಕೈ ಮೇಲೆ ನಿಲ್ಲುತ್ತದೆ, ಮಸಿ ಕದಡುವುದಿಲ್ಲ, ಸೆಖೆಗಾಲದಲ್ಲಿ ಬೆವರೂ ಕಾಗದಕ್ಕೆ ತಾಗುವುದಿಲ್ಲ. ಹಳೆಯ ಆಸರೆಯನ್ನು ಕೈಗೆತ್ತಿಕೊಂಡಾಗ ನೋಡಬೇಕಾದದ್ದು ಇದನ್ನೇ. ಕೈ ಉಜ್ಜಿದ ಉಬ್ಬು ಭಾಗ ನುಣುಪಾಗಿ ಹೊಳೆಯಬೇಕು, ಕೆತ್ತನೆಯ ಅಂಚು ಅಲ್ಲಿ ಮೆತ್ತಗಾಗಿರಬೇಕು. ಒಳಗಿನ ತಗ್ಗು ಭಾಗ ಅಷ್ಟು ಹೊಳೆಯಬಾರದು. ಎರಡೂ ಕಡೆ ಒಂದೇ ಹೊಳಪಿದ್ದರೆ ಯಾರೋ ಎಣ್ಣೆಯೋ ಮೇಣವೋ ಹಚ್ಚಿ ತಿಕ್ಕಿದ್ದಾರೆ ಅಂತ ಅನುಮಾನ ಪಡಿ.

ಕುಂಚ, ಮಸಿ, ಕಾಗದ, ಮಸಿ ತೇಯುವ ಕಲ್ಲು, ಈ ನಾಲ್ಕನ್ನು ಚೀನೀಯರು ಓದುಕೋಣೆಯ ನಾಲ್ಕು ನಿಧಿ ಅನ್ನುತ್ತಾರೆ. ಕುಂಚಕ್ಕೆ ಜೆಜಿಯಾಂಗ್ ಪ್ರಾಂತ್ಯದ ಹೂಜೋ, ಮಸಿಗೆ ಆನ್‌ಹುಯಿ ಪ್ರಾಂತ್ಯದ ಹುಯಿಜೋ, ಕಾಗದಕ್ಕೆ ಅದೇ ಪ್ರಾಂತ್ಯದ ಶುವಾನ್ ಕಾಗದ, ಕಲ್ಲಿಗೆ ಗುವಾಂಗ್‌ಡಾಂಗ್‌ನ ದುವಾನ್ ಹೆಸರುವಾಸಿ. ಮೊದಲ ಮೂರು ಬಳಸಿದಷ್ಟೂ ಸವೆದು ಮುಗಿಯುತ್ತವೆ. ಕಲ್ಲು ಮಾತ್ರ ಉಳಿಯುತ್ತದೆ. ಅದಕ್ಕೇ ಸಂಗ್ರಹಕಾರರಿಗೆ ಕಲ್ಲಿನ ಮೇಲೆ ಅಷ್ಟು ಪ್ರೀತಿ.

ದುವಾನ್ ಕಲ್ಲು ಈಗಿನ ಜಾವ್‌ಚಿಂಗ್ ಊರಿನ ಹತ್ತಿರದ ಬೆಟ್ಟಗಳಿಂದ ತಾಂಗ್ ರಾಜರ ಕಾಲದಿಂದಲೂ (618–907) ಬರುತ್ತಿದೆ. ಬಣ್ಣ ನೇರಳೆ ಬೆರೆತ ಕಂದು. ಕೆಲವು ಕಲ್ಲಿನಲ್ಲಿ ತಿಳಿ ಹಸಿರಿನ ದುಂಡನೆಯ ಮಚ್ಚೆಗಳಿರುತ್ತವೆ. ಅದನ್ನು ಕಣ್ಣು ಅನ್ನುತ್ತಾರೆ, ಕೆತ್ತುವವನು ಅದನ್ನು ಚಂದ್ರನನ್ನಾಗಿಯೋ ನಕ್ಷತ್ರವನ್ನಾಗಿಯೋ ಉಳಿಸಿಕೊಳ್ಳುತ್ತಾನೆ. ಆದರೆ ಒಳ್ಳೆಯ ಕಲ್ಲಿನ ಗುಣ ಕಣ್ಣಿನಲ್ಲಿಲ್ಲ, ಕಣದಲ್ಲಿದೆ. ಕಲ್ಲು ತೀರಾ ನುಣುಪಾಗಿದ್ದರೆ ಮಸಿಕಡ್ಡಿ ಜಾರುತ್ತದೆ, ತೀರಾ ಒರಟಾಗಿದ್ದರೆ ಮಸಿ ತರಿತರಿಯಾಗುತ್ತದೆ, ಕುಂಚದ ಕೂದಲೂ ಹಾಳು. ಬೆರಳಿಗೆ ನುಣುಪು ಅನ್ನಿಸಿಯೂ ಕಡ್ಡಿಯನ್ನು ಹಿಡಿಯಬೇಕು. ನೀರನ್ನು ಹೀರಿಕೊಳ್ಳಬಾರದು. ಒಳ್ಳೆಯ ದುವಾನ್ ಕಲ್ಲಿನ ಮೇಲೆ ಬಾಯಿಂದ ಉಸಿರು ಬಿಟ್ಟರೆ ತೇವ ನಿಲ್ಲುತ್ತದೆ ಅನ್ನುವುದು ಹಳೆಯ ಪರೀಕ್ಷೆ.

ಹಳೆಯ ಕಲ್ಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ತೇಯುವ ಜಾಗ ನಡುವಿನಲ್ಲಿ ತುಸು ತಗ್ಗಾಗಿರುತ್ತದೆ. ಆ ತಗ್ಗು ಕೆತ್ತಿದ್ದಲ್ಲ, ಸವೆದದ್ದು. ಅದರ ಅಂಚು ಎಲ್ಲಿ ಶುರುವಾಗುತ್ತದೆ ಅಂತ ಬೆರಳಿಗೆ ಗೊತ್ತಾಗುವುದಿಲ್ಲ. ಮಸಿ ನಿಲ್ಲುವ ಗುಂಡಿಯ ಮೂಲೆಗಳಲ್ಲಿ ಹಳೆಯ ಮಸಿ ಗಟ್ಟಿಯಾಗಿ ಕೂತಿರುತ್ತದೆ. ಹೊಸ ಕಲ್ಲಿಗೆ ಹಳೆಯ ವೇಷ ಹಾಕುವವರು ಮಸಿಯನ್ನು ಎಲ್ಲೆಂದರಲ್ಲಿ ಬಳಿದಿರುತ್ತಾರೆ. ಬಳಸುವಾಗ ಮಸಿ ತಾಗಲು ಕಾರಣವೇ ಇಲ್ಲದ ತಳದ ಮೇಲೂ ಬಳಿದಿರುತ್ತಾರೆ. ಇನ್ನೊಂದು ಮೋಸ ಬರಹದ್ದು. ಕಲ್ಲು ನಿಜವಾಗಿಯೂ ಹಳೆಯದೇ ಇರಬಹುದು, ಪಕ್ಕದಲ್ಲಿ ಕೊರೆದ ದೊಡ್ಡ ಕವಿಯ ಹೆಸರು ಆಮೇಲೆ ಸೇರಿದ್ದು. ಸು ಶಿ (1037–1101) ಹೆಸರಿನ ಕಲ್ಲುಗಳು ಎಷ್ಟು ಸಿಗುತ್ತವೆ ಅಂದರೆ, ಅವೆಲ್ಲ ನಿಜವಾಗಿದ್ದರೆ ಅವನು ಬರೆಯೋಕೆ ಪುರುಸೊತ್ತಿಲ್ಲದೆ ಕಲ್ಲನ್ನೇ ಕೊಳ್ಳುತ್ತಿದ್ದಿರಬೇಕು.

ಸು ಶಿಯ ಕಾಲದಲ್ಲೇ ಇದ್ದ ಮಿ ಫು (1051–1107) ಎಂಬ ಅಕ್ಷರಕಲಾವಿದನಿಗೆ ಕಲ್ಲಿನ ಹುಚ್ಚೇ ಇತ್ತು. ಚಕ್ರವರ್ತಿಯ ಮುಂದೆ ಬರೆದು ತೋರಿಸಿದ ಮೇಲೆ, ನಾನು ಮುಟ್ಟಿದ ಕಲ್ಲು ತಮಗೆ ಮತ್ತೆ ಯೋಗ್ಯವಲ್ಲ ಅಂತ ಕೇಳಿ ಪಡೆದು, ಮಸಿ ಸುರಿಯುತ್ತಿದ್ದ ಕಲ್ಲನ್ನು ನಿಲುವಂಗಿಯೊಳಗೆ ಇಟ್ಟುಕೊಂಡು ಓಡಿದ ಅಂತ ಕಥೆ ಇದೆ. ವಿಚಿತ್ರ ಆಕಾರದ ಬಂಡೆಯೊಂದಕ್ಕೆ ಕೈಮುಗಿದು ಅಣ್ಣ ಅಂತ ಕರೆದವನೂ ಅವನೇ. ಓದುಕೋಣೆಯಲ್ಲಿ ಇಟ್ಟು ನೋಡುವ ಇಂಥ ಬಂಡೆಗಳಿಗೆ ಪಂಡಿತರ ಬಂಡೆ ಅನ್ನುತ್ತಾರೆ, ಅವುಗಳ ಸಂಗ್ರಹಕ್ಕೆ ಅವನ ಹೆಸರು ಅಂಟಿಕೊಂಡಿರುವುದು ಇದರಿಂದಲೇ. ತಾಯ್‌ಹು ಸರೋವರದ ತೂತುತೂತಾದ ಸುಣ್ಣದ ಕಲ್ಲು, ಲಿಂಗ್‌ಬಿಯ ಕಪ್ಪು ಕಲ್ಲು ಇವು ಪ್ರಸಿದ್ಧ. ತೆಳ್ಳಗಿರಬೇಕು, ಸುಕ್ಕಿರಬೇಕು, ತೂತಿರಬೇಕು, ಆಚೆಯಿಂದ ಬೆಳಕು ಕಾಣಬೇಕು ಅನ್ನುವ ನಾಲ್ಕು ಲಕ್ಷಣ ಇವತ್ತಿಗೂ ಹೇಳುತ್ತಾರೆ. ಬಂಡೆಯ ವಯಸ್ಸು ಹೇಳುವುದು ಕಷ್ಟ, ಕಲ್ಲು ಹೇಗೂ ಹಳೆಯದೇ ಅಲ್ವಾ. ಅದಕ್ಕೆ ತಕ್ಕ ಹಾಗೆ ಕೊರೆದ ಮರದ ಪೀಠವನ್ನು ನೋಡಿ ಕಾಲ ಅಂದಾಜು ಮಾಡುತ್ತಾರೆ. ಹೊಸಬರು ಇದರಿಂದ ಶುರುಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಮಿಂಗ್ ರಾಜವಂಶದ ಕೊನೆಯ ನೂರು ವರ್ಷದಲ್ಲಿ, ಅಂದರೆ 1644ಕ್ಕೆ ಮುಂಚೆ, ಪೂರ್ವ ಚೀನಾದ ಸುಜೋ ನಗರದ ಸುತ್ತಮುತ್ತ ವ್ಯಾಪಾರಿಗಳ ಕೈಯಲ್ಲಿ ದುಡ್ಡು ಓಡಾಡಿತು. ಅವರಿಗೂ ಪಂಡಿತರ ಕೋಣೆ ಬೇಕಾಯಿತು. ಯಾವುದು ಒಳ್ಳೆಯ ಅಭಿರುಚಿ, ಯಾವುದು ಆಡಂಬರ ಅಂತ ತಿಳಿಸುವ ಕೈಪಿಡಿಗಳು ಆಗ ಬಂದವು. ವೆನ್ ಜೆನ್‌ಹೆಂಗ್ (1585–1645) ಅಂಥವನ್ನು ಬರೆದವರಲ್ಲಿ ಮುಖ್ಯ. ಅವನಿಗೆ ಸರಳವಾದದ್ದೇ ಮೇಲು, ಅತಿಯಾಗಿ ಕೆತ್ತಿದ್ದು ಕಂಡರೆ ಆಗದು. ಮಿಂಗ್ ಆದಮೇಲೆ ಬಂದ ಚಿಂಗ್ ರಾಜವಂಶದ ಅರಮನೆಯ ರುಚಿ ಬೇರೆಯಾಯಿತು. ಕಾಂಗ್‌ಶಿ ಚಕ್ರವರ್ತಿಯ (ಆಳ್ವಿಕೆ 1661–1722) ಕಾಲದಲ್ಲಿ ತಾಮ್ರದಿಂದ ಬರುವ ಗುಲಾಬಿ-ಕೆಂಪು ಮೆರುಗಿನಲ್ಲಿ ಬರೆಯುವ ಮೇಜಿಗೆ ಎಂಟು ಆಕಾರದ ಪಾತ್ರೆಗಳ ಗುಂಪೇ ತಯಾರಾಯಿತು. ನೀರಿನ ಕುಡಿಕೆ, ಕುಂಚದ ತಟ್ಟೆ, ಮುದ್ರೆಬಣ್ಣದ ಡಬ್ಬಿ, ಪುಟ್ಟ ಹೂದಾನಿಗಳು. ಅವನ ಮೊಮ್ಮಗ ಚಿಯೆನ್‌ಲೊಂಗ್ ಚಕ್ರವರ್ತಿಗೆ ಭಾರತದ ಮೊಘಲ್ ಶೈಲಿಯ ಜೇಡ್ (ಹೆಚ್ಚಾಗಿ ಹಸಿರು ಅಥವಾ ಬಿಳಿ ಬಣ್ಣದ ಗಟ್ಟಿ ಕಲ್ಲು) ಕೆತ್ತನೆ ಎಷ್ಟು ಹಿಡಿಸಿತೆಂದರೆ, ಅದರ ಮೇಲೆ ಹಲವು ಕವನ ಬರೆದ. ಅಷ್ಟು ತೆಳ್ಳಗೆ ಕೊರೆಯುವುದು ಹಿಂದೂಸ್ತಾನದವರಿಗೇ ಸಾಧ್ಯ ಅನ್ನುವ ಮೆಚ್ಚುಗೆ ಅವನದು. ಅಂಥ ಪಾತ್ರೆಗಳು ಈಗ ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿವೆ.

ಈಗ ಪಿಂಗಾಣಿಯ ತಳದ ಮುದ್ರೆಗೆ ಬರೋಣ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ತಳದಲ್ಲಿ ನೀಲಿ ಬಣ್ಣದ ಆರು ಅಕ್ಷರ ಮೇಲಿನಿಂದ ಕೆಳಗೆ ಎರಡು ಸಾಲಿನಲ್ಲಿರುತ್ತವೆ: ರಾಜವಂಶ, ಚಕ್ರವರ್ತಿಯ ಆಳ್ವಿಕೆಯ ಹೆಸರು, ಆ ವರ್ಷಗಳಲ್ಲಿ ಮಾಡಿದ್ದು ಅಂತ. ‘ಮಿಂಗ್, ಚಂಗ್‌ಹುವಾ’ ಅಂತ ಓದಿದ ತಕ್ಷಣ 1465–1487ರ ಪಾತ್ರೆ ಅಂದುಕೊಳ್ಳಬೇಡಿ. ಹಿಂದಿನವರ ಮೇಲಿನ ಗೌರವಕ್ಕೆ ಹಳೆಯ ಆಳ್ವಿಕೆಯ ಹೆಸರು ಬರೆಯುವುದು ಅಲ್ಲಿ ಮಾಮೂಲು. 1677ರಲ್ಲಿ ಪಿಂಗಾಣಿಯ ತವರು ಜಿಂಗ್‌ದೆಜೆನ್‌ನ ಅಧಿಕಾರಿಯೊಬ್ಬ ಪಾತ್ರೆಗಳ ಮೇಲೆ ಕಾಂಗ್‌ಶಿಯ ಹೆಸರು ಬರೆಯಬಾರದು ಅಂತ ಆಜ್ಞೆ ಹೊರಡಿಸಿದ. ಪಾತ್ರೆ ಒಡೆದರೆ ಚಕ್ರವರ್ತಿಯ ಹೆಸರಿಗೆ ಅವಮಾನ ಅನ್ನುವ ಭಯ. ಆಗ ಕುಂಬಾರರು ಮಿಂಗ್ ಕಾಲದ ಹೆಸರುಗಳನ್ನೇ ಬರೆದರು, ಇಲ್ಲವೇ ಎರಡು ಉಂಗುರ ಬರೆದು ನಡುವೆ ಖಾಲಿ ಬಿಟ್ಟರು. ಹೀಗೆ ಚಂಗ್‌ಹುವಾ ಅಂತ ಬರೆದಿರುವ ಎಷ್ಟೋ ಪಾತ್ರೆ ನಿಜವಾದ ಕಾಂಗ್‌ಶಿ ಕಾಲದವು. ಹೆಸರು ಸುಳ್ಳು, ಪಾತ್ರೆ ಸುಳ್ಳಲ್ಲ. ಮುದ್ರೆಯನ್ನು ಕೊನೆಯಲ್ಲಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಮೊದಲು ನೋಡಬೇಕಾದದ್ದು ಪಾದದ ಬಳೆ, ಅಂದರೆ ಪಾತ್ರೆ ನಿಲ್ಲುವ ತಳದ ಉಂಗುರ. ಕುಂಚದ ತಟ್ಟೆಯನ್ನು ಕವುಚಿ, ಮೆರುಗು ಎಲ್ಲಿ ನಿಂತಿದೆ, ಬರಿ ಮಣ್ಣು ಎಲ್ಲಿ ಶುರುವಾಗಿದೆ ಗಮನಿಸಿ. ಎಷ್ಟೋ ಹಳೆಯ ಪಾತ್ರೆಗಳಲ್ಲಿ ಆ ಗಡಿಯಲ್ಲಿ ತೆಳು ಕಿತ್ತಳೆ ಬಣ್ಣದ ಗೆರೆ ಕಾಣುತ್ತದೆ, ಮಣ್ಣಿನಲ್ಲಿದ್ದ ಕಬ್ಬಿಣ ಸುಡುವಾಗ ಕೊಟ್ಟ ಬಣ್ಣ ಅದು. ಹೊಸದರಲ್ಲಿ ಈ ಬಣ್ಣವನ್ನು ಬಳಿದಿರುತ್ತಾರೆ, ಆಗ ಅದು ಒಂದೇ ಸಮ ಕಾಣುತ್ತದೆ. ಆಮೇಲೆ ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿ. ವರ್ಷಗಟ್ಟಲೆ ಬಳಸಿದ ಗೀರುಗಳು ಬೇರೆ ಬೇರೆ ದಿಕ್ಕಿಗಿರುತ್ತವೆ, ಕೆಲವು ಆಳ, ಕೆಲವು ಮಸುಕು. ಆಮ್ಲ ಹಾಕಿ ಮಂಕು ಮಾಡಿದ್ದರೆ ಇಡೀ ಮೈ ಒಂದೇ ಥರ ಮಂಕಾಗಿರುತ್ತದೆ. ಮಣ್ಣಿನ ಪಾತ್ರೆ ಕೊನೆಗೆ ಯಾವಾಗ ಬೆಂಕಿ ಕಂಡಿತು ಅಂತ ಹೇಳುವ ಥರ್ಮೋಲ್ಯುಮಿನೆಸೆನ್ಸ್ ಪರೀಕ್ಷೆಯೂ ಇದೆ. ಅದಕ್ಕೆ ತಳದಿಂದ ಚೂರು ಕೊರೆದು ತೆಗೆಯುತ್ತಾರೆ. ಅದನ್ನು ತಿಳಿದ ನಕಲಿಗಾರರು ಮುರಿದ ಹಳೆಯ ತಳಕ್ಕೆ ಹೊಸ ಮೈ ಅಂಟಿಸಿದ್ದೂ ಇದೆ.

ನಕಲಿ ಇವತ್ತಿನ ರೋಗ ಅಲ್ಲ. 1388ರಲ್ಲೇ ತ್ಸಾವ್ ಜಾವ್ ಎಂಬುವನು ಹಳೆಯ ವಸ್ತುಗಳ ಗುಣದೋಷ ತಿಳಿಸುವ ಕೈಪಿಡಿ ಬರೆದಿದ್ದ. ಯಾವುದು ಅಸಲಿ, ಯಾವುದು ನಕಲಿ ಅನ್ನುವುದೂ ಅದರಲ್ಲಿದೆ. ಅದನ್ನು ಇಂಗ್ಲಿಷಿಗೆ ತಂದವರು ಪರ್ಸಿವಲ್ ಡೇವಿಡ್ (1892–1964). ಅವರು ಹುಟ್ಟಿದ್ದು ನಮ್ಮ ಮುಂಬೈಯಲ್ಲಿ. ಅವರು ಕೂಡಿಸಿದ ಸುಮಾರು 1700 ಚೀನೀ ಪಾತ್ರೆಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವನ್ನು ಶಾಶ್ವತವಾಗಿ ಆ ಮ್ಯೂಸಿಯಂಗೆ ಕೊಡುವುದಾಗಿ 2024ರಲ್ಲಿ ಘೋಷಣೆಯಾಯಿತು. ಅದರಲ್ಲಿರುವ ಎರಡು ನೀಲಿ-ಬಿಳಿ ಹೂದಾನಿಗಳ ಕತ್ತಿನ ಮೇಲೆ 1351ರ ಕಾಣಿಕೆಯ ಬರಹವಿದೆ. 14ನೇ ಶತಮಾನದ ನೀಲಿ-ಬಿಳಿ ಪಾತ್ರೆಗಳ ಕಾಲವನ್ನು ತಜ್ಞರು ಗುರುತಿಸಲು ಆಧಾರವೇ ಆ ಬರಹ.

ಬಿದಿರಿನ ಕುಂಚದ ಡಬ್ಬಿ ಹೊಸಬರಿಗೆ ಒಳ್ಳೆಯ ಪಾಠ. ಈಗ ಶಾಂಘೈಗೆ ಸೇರಿರುವ ಜಿಯಾದಿಂಗ್‌ನಲ್ಲಿ ಮಿಂಗ್ ಕಾಲದಲ್ಲಿ ಜು ಮನೆತನದ ಅಜ್ಜ, ಮಗ, ಮೊಮ್ಮಗ ಮೂವರೂ ಈ ಕೆತ್ತನೆಯಲ್ಲಿ ಹೆಸರು ಮಾಡಿದರು. ಇನ್ನೊಂದು ಬಗೆಯ ಕೆತ್ತನೆಯಲ್ಲಿ ಬಿದಿರಿನ ತೆಳು ಹೊರಸಿಪ್ಪೆಯನ್ನು ಮಾತ್ರ ಚಿತ್ರವಾಗಿ ಉಳಿಸಿ ಸುತ್ತಲಿನದನ್ನು ಹೆರೆಯುತ್ತಾರೆ. ಮೊದಲು ಎರಡರ ಬಣ್ಣ ಹತ್ತಿರ ಹತ್ತಿರ ಇರುತ್ತದೆ. ವರ್ಷ ಕಳೆದ ಹಾಗೆ ಒಳತಿರುಳು ಕೆಂಗಂದು ಆಗುತ್ತದೆ, ಸಿಪ್ಪೆ ತಿಳಿ ಹಳದಿಯಾಗೇ ಉಳಿಯುತ್ತದೆ, ಚಿತ್ರ ಇನ್ನಷ್ಟು ಎದ್ದು ಕಾಣುತ್ತದೆ. ಡಬ್ಬಿಯ ಬಾಯಿಯ ಅಂಚನ್ನು ನೋಡಿ. ಬಿದಿರಿನ ನಾರುಗಳು ಅಲ್ಲಿ ಚುಕ್ಕಿಗಳಾಗಿ ಕಾಣಬೇಕು, ಹೊರಸಿಪ್ಪೆಯ ಕಡೆ ಒತ್ತಾಗಿ, ಒಳಗಡೆ ವಿರಳವಾಗಿ. ಪಕ್ಕದಲ್ಲಿ ಅವೇ ನಾರು ಉದ್ದಗೆರೆಗಳಾಗಿ ಇಳಿಯಬೇಕು. ರಾಳದಲ್ಲಿ ಎರಕ ಹೊಯ್ದ ನಕಲಿಯಲ್ಲಿ ಚುಕ್ಕಿಗೂ ಗೆರೆಗೂ ಸಂಬಂಧ ಇರುವುದಿಲ್ಲ, ಅಲ್ಲಲ್ಲಿ ಗಾಳಿಗುಳ್ಳೆ ಸಿಗುತ್ತದೆ.

ಮರದ ಡಬ್ಬಿಗಳ ಕಥೆ ನಮ್ಮ ಪಕ್ಕದಲ್ಲೇ ಶುರುವಾಗುತ್ತದೆ. ಚಿಂಗ್ ಅರಮನೆ ತುಂಬ ಬೆಲೆ ಕೊಟ್ಟ ಕಪ್ಪು-ನೇರಳೆ ಮರ ‘ಜಿತಾನ್’. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ಅದನ್ನು ಸಾಮಾನ್ಯವಾಗಿ ನಮ್ಮ ರಕ್ತಚಂದನ ಅಂತಲೇ ಗುರುತಿಸುತ್ತಾರೆ, ಮುಖ್ಯವಾಗಿ ಆಂಧ್ರದ ಶೇಷಾಚಲಂ ಸುತ್ತಿನ ಕಾಡುಗಳಲ್ಲಿ ಬೆಳೆಯುವ ಮರ. ರಕ್ತಚಂದನದ ಕಳ್ಳಸಾಗಣೆಯ ಸುದ್ದಿ ನಾವು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಆ ಬೇಡಿಕೆಯ ದೊಡ್ಡ ಪಾಲು ಚೀನಾದ್ದು, ಅದರ ಬೇರು ಈ ಅರಮನೆ ರುಚಿಯಲ್ಲಿದೆ. ಹೊಚ್ಚ ಹೊಸ ರಕ್ತಚಂದನದ ಡಬ್ಬಿಯನ್ನು ಹಳೆಯದೆಂದು ಕೊಂಡವರು ಮೋಸ ಹೋಗುವುದು ಒಂದು ಕಡೆ, ಆ ಕಾಡಿಗೆ ಬೀಳುವ ಕೊಡಲಿಗೆ ದುಡ್ಡು ಕೊಡುವುದು ಇನ್ನೊಂದು ಕಡೆ. ಎರಡನೆಯದೇ ನನಗೆ ಹೆಚ್ಚು ನೋವಿನ ವಿಷಯ.

ದಂತ ಮತ್ತು ಘೇಂಡಾಮೃಗದ ಕೊಂಬಿನ ವಸ್ತುಗಳ ತಂಟೆಗೇ ಹೋಗಬೇಡಿ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಮತ್ತು ಅದರ ತಿದ್ದುಪಡಿಗಳಿಂದ ಇವುಗಳ ವ್ಯಾಪಾರ ಅಪರಾಧ, ತಾತನ ಕಾಲದ್ದು ಅನ್ನುವ ಮಾತು ನಡೆಯುವುದಿಲ್ಲ. ಚೀನಾ ಕೂಡ 2017ರ ಕೊನೆಗೆ ತನ್ನೊಳಗಿನ ದಂತದ ಮಾರುಕಟ್ಟೆ ಮುಚ್ಚಿತು.

ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವ ದಾಖಲೆ ಬೆಲೆಗೆ ಮಾತ್ರವಲ್ಲ, ನ್ಯಾಯಕ್ಕೂ ಬೇಕು. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯ ಬೀಜಿಂಗ್‌ನ ಯುವಾನ್‌ಮಿಂಗ್‌ಯುವಾನ್ ಅರಮನೆಯನ್ನು ಲೂಟಿ ಮಾಡಿತು, ಆಮೇಲೆ ಬ್ರಿಟಿಷರು ಅದಕ್ಕೆ ಬೆಂಕಿ ಇಟ್ಟರು. ಆ ಯುದ್ಧದಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಈಗ ಬೆಂಗಳೂರಿನಲ್ಲಿ ಕೇಂದ್ರ ಇರುವ ಮದ್ರಾಸ್ ಸ್ಯಾಪರ್ಸ್ ದಳವೂ ಅದರಲ್ಲಿತ್ತು. ಅಲ್ಲಿಂದ ಹೋದ ಎಷ್ಟೋ ವಸ್ತು ಇವತ್ತಿಗೂ ಹರಾಜಿನಲ್ಲಿ ಕಾಣಿಸಿಕೊಳ್ಳುತ್ತವೆ. 2009ರಲ್ಲಿ ಆ ಅರಮನೆಯ ಕಾರಂಜಿಯ ಎರಡು ಕಂಚಿನ ತಲೆಗಳು, ಇಲಿ ಮತ್ತು ಮೊಲ, ಪ್ಯಾರಿಸ್‌ನಲ್ಲಿ ಹರಾಜಿಗೆ ಬಂದಾಗ ಗೆದ್ದ ಚೀನೀಯ ದುಡ್ಡು ಕೊಡಲು ನಿರಾಕರಿಸಿದ. ಕದ್ದ ಮಾಲಿಗೆ ದುಡ್ಡು ಯಾಕೆ ಅನ್ನುವುದು ಅವನ ವಾದ. 2013ರಲ್ಲಿ ಅವೆರಡೂ ಚೀನಾಕ್ಕೆ ವಾಪಸ್ ಹೋದವು. ಈಗ 1911ಕ್ಕಿಂತ ಹಳೆಯ ಸಾಂಸ್ಕೃತಿಕ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯಲು ಚೀನಾ ಬಿಡುವುದಿಲ್ಲ, ಆ ನಿಯಮ 2007ರಿಂದ ಇದೆ. ಬೀಜಿಂಗ್‌ನ ಸಂತೆಯಲ್ಲಿ ಚಿಯೆನ್‌ಲೊಂಗ್ ಕಾಲದ್ದು ಅಂತ ಕೊಟ್ಟದ್ದು ಸಲೀಸಾಗಿ ವಿಮಾನ ಹತ್ತಿತು ಅಂದರೆ, ಅದು ಏನಿರಬಹುದು ಅಂತ ನೀವೇ ಯೋಚಿಸಿ. ನಮ್ಮಲ್ಲೂ 100 ವರ್ಷ ದಾಟಿದ ಪ್ರಾಚ್ಯವಸ್ತುಗಳಿಗೆ 1972ರ ಕಾಯ್ದೆ ಇದೆ, ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ವಿದೇಶದಲ್ಲಿ ನೆಲೆಸಿದ ಮಕ್ಕಳಿಗೆ ಮನೆಯ ಹಳೆಯ ಪಿಂಗಾಣಿ ಕಳಿಸುವ ಮುಂಚೆ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.

ಕೊಳ್ಳುವ ಮೊದಲು ಕಣ್ಣು ಪಳಗಬೇಕು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಚೀನಾದ ಪಿಂಗಾಣಿ, ಜೇಡ್ ವಸ್ತುಗಳ ಒಳ್ಳೆಯ ಸಂಗ್ರಹ ಇದೆ. ನಮ್ಮ ಹಂಪಿಯ ಉತ್ಖನನದಲ್ಲೂ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ, ವಿಜಯನಗರದ ಶ್ರೀಮಂತರ ಮನೆಗೆ ಅದು ಹಡಗಿನಲ್ಲಿ ಬರುತ್ತಿತ್ತು. ಒಡೆದ ಚೂರನ್ನು ಕಂಡರೆ ಉದಾಸೀನ ಮಾಡಬೇಡಿ. ಮೈಯ ದಪ್ಪ, ಮೆರುಗಿನ ಪದರ, ಮಣ್ಣಿನ ಬಣ್ಣ ಎಲ್ಲಾ ಮುರಿದ ಅಂಚಿನಲ್ಲೇ ಚೆನ್ನಾಗಿ ಕಾಣುವುದು.

ಶುರುಮಾಡುವವರಿಗೆ ನಾನು ಹೇಳುವುದು ಕೆತ್ತನೆ ಇಲ್ಲದ, ಕಳೆದ ಶತಮಾನದ ಒಂದು ಸಾದಾ ಮಸಿಕಲ್ಲು. ಒಂದು ಮಸಿಕಡ್ಡಿಯನ್ನೂ ತಂದು ಅದರ ಮೇಲೆ ತೇಯಿರಿ. ಕಡ್ಡಿ ಹೇಗೆ ಹಿಡಿಯುತ್ತದೆ, ಎಲ್ಲಿ ನೀರು ಸೇರುತ್ತದೆ, ಕೈ ಎಲ್ಲಿ ಒರಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಆಮೇಲೆ ಅಂಗಡಿಯಲ್ಲಿ ಹಳೆಯ ಕಲ್ಲು ಕೈಗೆ ಬಂದಾಗ ಸವೆತ ಸರಿಯಾದ ಜಾಗದಲ್ಲಿದೆಯೋ ಇಲ್ಲವೋ ಅಂತ ಹೇಳಲು ಯಾರೂ ಬೇಕಾಗುವುದಿಲ್ಲ. ತೇಯ್ದ ಮೇಲೆ ಮಸಿಯನ್ನು ಕಲ್ಲಿನಲ್ಲೇ ಒಣಗಲು ಬಿಡಬೇಡಿ, ಅಂಟು ಗಟ್ಟಿಯಾಗಿ ಕಣ ಮುಚ್ಚುತ್ತದೆ. ಬರಿ ತಣ್ಣೀರಿನಲ್ಲಿ ಮೆತ್ತಗೆ ತೊಳೆಯಿರಿ, ಸೋಪು ಬೇಡ, ಬಿಸಿಲಿಗೂ ಇಡಬೇಡಿ. ಬಿದಿರಿನ ವಸ್ತು ಇದ್ದರೆ ಎ.ಸಿ. ಗಾಳಿ ನೇರ ಬೀಳದ ಜಾಗದಲ್ಲಿಡಿ, ಒಣಗಾಳಿಗೆ ಅದು ಉದ್ದಕ್ಕೆ ಸೀಳುತ್ತದೆ. ಎಣ್ಣೆ ಹಚ್ಚುವ ಆಸೆ ಆದರೂ ಹಚ್ಚಬೇಡಿ. ಒಣಗಿದ ಮೆತ್ತನೆ ಬಟ್ಟೆ, ಸ್ವಚ್ಛವಾದ ಕೈ ಇಷ್ಟೇ ಸಾಕು.